ಹಾಡಲು ಹೋದವಳು ಕೇಳಲು ಕುಳಿತೆ

(ಬೆಂಗಳೂರಿನಲ್ಲಿ ಶಾಲಾ ಸಂಗೀತ ಶಿಕ್ಷಕರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಹಾಡಿ ತೋರಿಸಿದ ಭಾಗಗಳನ್ನು ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಆಮಂತ್ರಣ ಪತ್ರಿಕೆಯಲ್ಲಿ ನನ್ನ ಮಾತಿಗೆ ‘ಸಂಗೀತ ತರಗತಿಯಲ್ಲಿ ತಂತ್ರಜ್ಞಾನ’ ಎಂದು ಹೆಸರಿಟ್ಟಿದ್ದಾರೆ. ಯಾವ ಆ್ಯಪ್ ಒಳ್ಳೆಯದು, ಯಾವ ಮೈಕ್ ಕೊಳ್ಳಬೇಕು ಎಂದು ಬರೆದುಕೊಳ್ಳಲು ಕೆಲವರು ಆಗಲೇ ಪುಸ್ತಕ ತೆರೆದಿದ್ದೀರಿ. ಅದಕ್ಕೂ ಬರುತ್ತೇನೆ. ಮೊದಲು ಇನ್ನೊಂದು ಮಾತು. ಇಲ್ಲಿ ಕುಳಿತವರಲ್ಲಿ ಎಷ್ಟು ಮಂದಿ ಶಾಲೆಯ ಶಿಕ್ಷಕರಾಗಬೇಕೆಂದು ಸಂಗೀತ ಕಲಿತವರು? ಕೈ ಎತ್ತುವುದು ಬೇಡ. ನಾನಂತೂ ಅಲ್ಲ.

ನಾನು ಕಲಿತದ್ದು ಕಛೇರಿ ಮಾಡಲು. ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ರಾಮಸೇವಾ ಮಂಡಳಿಯ ಸಂಗೀತೋತ್ಸವದ ಚಪ್ಪರದಡಿ ಕುಳಿತು ಕೇಳಿ ಬೆಳೆದ ಹುಡುಗಿಗೆ ಬೇರೆ ಕನಸು ಬೀಳುವುದಾದರೂ ಹೇಗೆ? ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳನ್ನು ಒಂದೊಂದಾಗಿ ಮುಗಿಸಿದರೆ ಅದರಾಚೆ ಸಂಜೆಯ ವೇದಿಕೆ ಕಾದಿರುತ್ತದೆ ಎಂಬ ಲೆಕ್ಕಾಚಾರ. ಸಿಕ್ಕಿದ್ದು ಮಧ್ಯಾಹ್ನದ ಕಛೇರಿಗಳು. ಮುಂದಿನ ಸಾಲಿನಲ್ಲಿ ಪಕ್ಕವಾದ್ಯದವರ ಮನೆಯವರು, ಅವರ ಹಿಂದೆ ಸಂಜೆಯ ಕಛೇರಿಗೆ ಈಗಲೇ ಜಾಗ ಹಿಡಿದು ಕಣ್ಣು ಮುಚ್ಚಿರುವ ಹಿರಿಯರು. ಸಂಭಾವನೆಯನ್ನು ಪಿಟೀಲು, ಮೃದಂಗ, ಆಟೋಗಳಿಗೆ ಹಂಚಿದರೆ ಕೈಯಲ್ಲಿ ಉಳಿಯುತ್ತಿದ್ದದ್ದು ಶಾಲು. ಇದನ್ನು ಯಾರ ಮೇಲಿನ ದೂರಾಗಿಯೂ ಹೇಳುತ್ತಿಲ್ಲ, ಈ ಕ್ಷೇತ್ರದ ಹಣಕಾಸು ಇರುವುದೇ ಹಾಗೆ. ನಮಗಿಂತ ಎಷ್ಟೋ ಪಾಲು ದೊಡ್ಡ ವಿದ್ವಾಂಸರೇ ಬ್ಯಾಂಕಿನ, ರೇಡಿಯೊದ, ಕಾರ್ಖಾನೆಯ ಸಂಬಳ ನಂಬಿಕೊಂಡು ಹಾಡಿದ್ದಾರೆ. ನಾನೂ ಶಾಲೆಗೆ ಸೇರಿದ್ದು ಅದೇ ಲೆಕ್ಕದಲ್ಲಿ: ಹಗಲು ಶಾಲೆ, ಸಂಜೆ ಅಭ್ಯಾಸ, ನಾಲ್ಕೈದು ವರ್ಷ ಹೀಗೆ ತಳ್ಳಿದರೆ ಆಯಿತು ಎಂದು.

ಶಾಲೆಯಲ್ಲಿ ಸಂಗೀತದ ಪೀರಿಯಡ್ ಎಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ. ವಾರಕ್ಕೊಂದು, ಅದೂ ಆಟದ ಪೀರಿಯಡ್ ಮುಗಿಸಿ ಬೆವರು ಸುರಿಸಿಕೊಂಡು ಬಂದ ನಲವತ್ತು ಮಕ್ಕಳಿಗೆ. ಪರೀಕ್ಷೆ ಹತ್ತಿರ ಬಂದರೆ ಅದು ಗಣಿತದವರ ಪಾಲು. ಈ ನಡುವೆ ನನ್ನ ಗುರಿ ಒಂದು ಸುತ್ತು ರೂಪ ಬದಲಿಸಿತ್ತು. ನಾನು ಏರದ ವೇದಿಕೆಯನ್ನು ನನ್ನ ವಿದ್ಯಾರ್ಥಿನಿಯೊಬ್ಬಳು ಏರಲಿ ಎಂಬುದು ಹೊಸ ಆಸೆ. ಕಂಠವಿರುವ ನಾಲ್ವರನ್ನು ಆರಿಸಿ ಮುಂದೆ ಕೂರಿಸುವುದು, ಅಂತರಶಾಲಾ ಸ್ಪರ್ಧೆಗೆ ತಯಾರು ಮಾಡುವುದು, ಬಂದ ಟ್ರೋಫಿಯನ್ನು ಮುಖ್ಯೋಪಾಧ್ಯಾಯಿನಿಯವರ ಗಾಜಿನ ಬೀರುವಿಗೆ ಸೇರಿಸುವುದು. ಉಳಿದ ಮೂವತ್ತಾರು ಮಂದಿ ಹಿಂದೆ ಕುಳಿತು ಸರಳೆ ವರಸೆಗೆ, ಆ ಮೊದಲ ಸ್ವರಪಾಠಕ್ಕೆ, ಬಾಯಿ ಆಡಿಸುತ್ತಿದ್ದರು. ಶಾಲಾ ಸಂಗೀತವೆಂದರೆ ಇಷ್ಟೇ ಎಂದು ಶಾಲೆ ಒಪ್ಪಿತ್ತು, ಪೋಷಕರು ಒಪ್ಪಿದ್ದರು, ಪಾಪ, ಆ ಮೂವತ್ತಾರು ಮಕ್ಕಳೂ ಒಪ್ಪಿದ್ದರು.

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಜೂನ್‌ನಲ್ಲಿ ರಾಜ್ಯ ಸರ್ಕಾರ ಚಿಕ್ಕ ತರಗತಿಗಳ ಆನ್‌ಲೈನ್ ಪಾಠಕ್ಕೆ ತಡೆ ಹಾಕಿತು, ಜುಲೈನಲ್ಲಿ ಹೈಕೋರ್ಟ್ ಆ ತಡೆಗೇ ತಡೆ ಕೊಟ್ಟಿತು. ಈ ಗದ್ದಲ ತಿಳಿಯಾದ ಮೇಲೆ ಸಂಗೀತಕ್ಕೂ ವಾರಕ್ಕೊಂದು ಆನ್‌ಲೈನ್ ತರಗತಿ ಬಂತು. ಶ್ರುತಿ ಹಾಕಿಕೊಂಡು ಲ್ಯಾಪ್‌ಟಾಪಿನ ಮುಂದೆ ಕುಳಿತರೆ ಮಕ್ಕಳಿಂದ ಬಂದ ಮೊದಲ ಮಾತು: “ಮಿಸ್, ತಂಬೂರಿ ಕೇಳಿಸುತ್ತಿಲ್ಲ.” ನನ್ನ ಕೋಣೆಯಲ್ಲಿ ತಂಬೂರಿ ತುಂಬಿಕೊಂಡಿದೆ, ಅವರ ಮನೆಗಳಲ್ಲಿ ಇಲ್ಲವೇ ಇಲ್ಲ. ಕಾರಣ ಸರಳ. ಈ ವಿಡಿಯೊ ಕರೆಯ ಸಾಧನಗಳನ್ನು ಮಾಡಿರುವುದು ಮಾತಿಗಾಗಿ. ಒಂದೇ ಸಮನೆ ಎಡೆಬಿಡದೆ ಬರುವ ಸದ್ದನ್ನು ಅವು ಫ್ಯಾನಿನದ್ದೋ ಏರ್ ಕಂಡಿಷನರಿನದ್ದೋ ಎಂದು ತಿಳಿದು ಅಳಿಸಿಬಿಡುತ್ತವೆ. ನಾವು ಯಾವುದರ ಮೇಲೆ ನಿಂತು ಹಾಡುತ್ತೇವೆಯೋ ಅದೇ ಆ ಯಂತ್ರದ ಕಿವಿಗೆ ಕಸ. ಜೂಮ್‌ನ ಸೆಟ್ಟಿಂಗ್‌ಗಳಲ್ಲಿ ಸಂಗೀತಗಾರರಿಗೆಂದೇ ಮೂಲ ಧ್ವನಿಯನ್ನು ಹಾಗೆಯೇ ಕಳಿಸುವ ಆಯ್ಕೆಯೊಂದಿದೆ. ಅದನ್ನು ಒತ್ತಿದ ಮೇಲೆ ತಂಬೂರಿ ಮರಳಿ ಬಂತು.

ಎರಡನೆಯ ತೊಡಕಿಗೆ ಅಂಥ ಗುಂಡಿ ಇರಲಿಲ್ಲ. ಒಟ್ಟಿಗೆ ಹಾಡುವವರ ನಡುವೆ ಧ್ವನಿ ಸೆಕೆಂಡಿನ ನೂರರಲ್ಲಿ ಎರಡು ಮೂರು ಪಾಲಿಗಿಂತ ಹೆಚ್ಚು ತಡವಾದರೆ ತಾಳ ಜಾರತೊಡಗುತ್ತದೆ. ವಿಡಿಯೊ ಕರೆಯಲ್ಲಿ ಸೆಕೆಂಡಿನ ಹತ್ತನೇ ಒಂದು ಪಾಲು ತಡವಾಗುವುದು ತೀರಾ ಸಾಮಾನ್ಯ. ನಲವತ್ತು ಮಕ್ಕಳು ನಲವತ್ತು ಮನೆಗಳಿಂದ ಆದಿ ತಾಳ ಹಾಕಿದರೆ ಕೇಳಿಬರುವುದನ್ನು ನೀವೆಲ್ಲ ಒಮ್ಮೆಯಾದರೂ ಅನುಭವಿಸಿದ್ದೀರಿ. ಉಳಿದದ್ದು ಒಂದೇ ದಾರಿ: ಎಲ್ಲರನ್ನೂ ಮ್ಯೂಟ್ ಮಾಡಿ ಒಬ್ಬೊಬ್ಬರಿಂದಲೇ ಒಂದೊಂದು ಸಾಲು ಹಾಡಿಸುವುದು.

ನನ್ನ ವೃತ್ತಿಯನ್ನು ತಿರುಗಿಸಿದ್ದು ಈ ಲಾಚಾರಿ. ಗುಂಪಿನಲ್ಲಿ ಕೇಳದೆ ಹೋದ ಧ್ವನಿಗಳು ಒಂದೊಂದಾಗಿ ಕೇಳತೊಡಗಿದವು. ಹಿಂದಿನ ಬೆಂಚಿನ ಹುಡುಗನೊಬ್ಬ, ತರಗತಿಯಲ್ಲಿ ಡೆಸ್ಕ್ ಬಡಿದು ಬೈಸಿಕೊಳ್ಳುತ್ತಿದ್ದವನು, ಅಲಂಕಾರವೆಂಬ ಸ್ವರಪಾಠವನ್ನು ಎರಡನೇ ಕಾಲದಲ್ಲಿ, ಎಂದರೆ ಇಮ್ಮಡಿ ವೇಗದಲ್ಲಿ, ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಹಾಡಿದ. ಮನೆಯಲ್ಲಿ ಉರ್ದು ಆಡುವ ಹುಡುಗಿಯೊಬ್ಬಳಿಗೆ ಸ್ವರಗಳು ಜೋಡಿ ಜೋಡಿಯಾಗಿ ಬರುವ ಜಂಟಿ ವರಸೆಯಲ್ಲಿ ಎರಡನೆಯ ಸ್ವರಕ್ಕೆ ಕೊಡಬೇಕಾದ ಒತ್ತು ಹೇಳಿಕೊಡದೆಯೇ ಬಂದಿತ್ತು. ಇನ್ನು ಕೆಲವರಿಗೆ ಷಡ್ಜವೇ, ಎಂದರೆ ಹಾಡಿಗೆ ಆಧಾರವಾದ ‘ಸ’ ಸ್ವರವೇ, ಸಿಕ್ಕಿರಲಿಲ್ಲ. ಅಕ್ಕಪಕ್ಕದವರ ಧ್ವನಿಯಲ್ಲಿ ಅಡಗಿಕೊಂಡು ಮೂರು ವರ್ಷ ದಾಟಿಸಿದ್ದರು, ಮತ್ತು ಯಾರಾದರೂ ಒಮ್ಮೆ ಬಿಡಿಸಿ ಹೇಳಿದರೆ ಎರಡು ವಾರದಲ್ಲಿ ಷಡ್ಜ ಹಿಡಿಯಬಲ್ಲವರಾಗಿದ್ದರು.

ಅಲ್ಲಿಯವರೆಗೆ ನನ್ನ ಗುರಿಗಳೆಲ್ಲ ನನ್ನನ್ನೋ ನನ್ನ ಶಿಷ್ಯರನ್ನೋ ಜನ ಕೇಳಬೇಕು ಎಂಬುದರ ಸುತ್ತಲೇ ಇದ್ದವು. ಈಗ ನಾನು ಇಡೀ ದಿನ ಮಾಡುವ ಕೆಲಸ ಕೇಳುವುದು, ಮತ್ತು ಅದನ್ನು ಚೆನ್ನಾಗಿ ಮಾಡಬೇಕು ಎಂಬುದೇ ಗುರಿ. ತಂತ್ರಜ್ಞಾನದ ಬಗ್ಗೆ ನನಗಿರುವ ಅಳತೆಗೋಲೂ ಅದೇ: ಯಾವ ಸಾಧನ ನನ್ನ ಕಿವಿಗೆ ಬಿಡುವು ಮಾಡಿಕೊಡುತ್ತದೆಯೋ ಅದು ತರಗತಿಗೆ ಬರಲಿ. ನನ್ನ ಬದಲು ತಾನೇ ಕೇಳುತ್ತೇನೆ ಎನ್ನುವುದು ಹೊರಗಿರಲಿ.

ಶ್ರುತಿ ಹಾಕುವುದು, ಎಣಿಕೆ ಹಿಡಿಯುವುದು, ಅದೇ ಸಾಲನ್ನು ಬೇಸರವಿಲ್ಲದೆ ಮತ್ತೆ ಮತ್ತೆ ಹೇಳುವುದು, ಇವಕ್ಕೆಲ್ಲ ಯಂತ್ರ ಸಾಕು. ಆ ಹೊತ್ತಿನಲ್ಲಿ ನಾನು ಬೆಂಚುಗಳ ನಡುವೆ ಓಡಾಡಿ ಒಬ್ಬೊಬ್ಬರ ಪಕ್ಕದಲ್ಲಿ ನಿಂತು ಕೇಳಬಲ್ಲೆ. ಶಾಲೆ ಮತ್ತೆ ತೆರೆದ ಮೇಲೆ ಆನ್‌ಲೈನಿನಿಂದ ಉಳಿಸಿಕೊಂಡದ್ದು ಧ್ವನಿಮುದ್ರಣ. ಮಕ್ಕಳು ವಾರಕ್ಕೊಂದು ಸಾಲನ್ನು ಮನೆಯಲ್ಲಿ ಹಾಡಿ ಮೊಬೈಲಿನಲ್ಲಿ ಕಳಿಸುತ್ತಾರೆ. ಅರ್ಧ ನಿಮಿಷಕ್ಕಿಂತ ಹೆಚ್ಚು ಬೇಡ ಎಂದು ಕಟ್ಟುನಿಟ್ಟಾಗಿ ಹೇಳಿದ್ದೇನೆ. ಕೊನೆಯಲ್ಲಿ ತಮ್ಮ ಹೆಸರು, ತರಗತಿ ಹೇಳಬೇಕು. ಈ ನಿಯಮ ನನ್ನದಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಗೆ ಹಾಡಿದ ಗೌಹರ್ ಜಾನ್ ಕೊನೆಯಲ್ಲಿ ತನ್ನ ಹೆಸರನ್ನು ಗಟ್ಟಿಯಾಗಿ ಕೂಗುತ್ತಿದ್ದಳು, ಜರ್ಮನಿಯಲ್ಲಿ ತಟ್ಟೆ ಅಚ್ಚು ಹಾಕುವವರಿಗೆ ಹಾಡಿದವರು ಯಾರೆಂದು ತಿಳಿಯಲಿ ಎಂದು. ಮೂರು ನಿಮಿಷದೊಳಗೆ ರಾಗವನ್ನು ತುಂಬಿಸಿಡುವ ಹೊಸ ವಿದ್ಯೆಯನ್ನು ಕಂಡುಕೊಂಡ ಆಕೆ ಕೊನೆಯ ದಿನಗಳಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಅಲ್ಲಿಯೇ ತೀರಿಕೊಂಡಳು. ಆರನೇ ತರಗತಿಯ ಮಕ್ಕಳಿಗೆ ಈ ಕಥೆ ಹೇಳಿದ ದಿನದಿಂದ ಅವರೂ ಹೆಸರನ್ನು ಕೂಗಿಯೇ ಹೇಳುತ್ತಾರೆ, ನನ್ನ ಕಿವಿಯ ಗತಿ ಏನಾದರೂ ಆಗಲಿ.

ಈ ಮುದ್ರಣಗಳನ್ನು ನಾನು ಕೇಳುವುದು ಬನಶಂಕರಿಯಿಂದ ಸಂಪಿಗೆ ರಸ್ತೆಗೆ ಹೋಗುವ ಮೆಟ್ರೊದಲ್ಲಿ, ಇಯರ್‌ಫೋನ್ ಹಾಕಿಕೊಂಡು. ಹಾಡಿನ ಹಿಂದೆ ಕುಕ್ಕರ್ ಕೂಗುತ್ತದೆ, ಧಾರಾವಾಹಿ ನಡೆಯುತ್ತದೆ, ಅಜ್ಜಿಯೊಬ್ಬರು “ಇನ್ನೊಂದು ಸಲ ಹೇಳು, ತಾಳ ತಪ್ಪಿತು” ಎನ್ನುತ್ತಾರೆ. ಆ ಅಜ್ಜಿಗೆ ಸಂಗೀತ ಬರುತ್ತದೆಂದು ಶಾಲೆಯ ಯಾವ ಕಡತದಲ್ಲೂ ಇಲ್ಲ. ಎರಡು ಎಚ್ಚರಿಕೆ ಹೇಳಿಬಿಡುತ್ತೇನೆ. ಎಲ್ಲರ ಮನೆಯಲ್ಲೂ ಮಗುವಿಗೆ ಸಿಗುವ ಫೋನ್ ಇರುವುದಿಲ್ಲ. ಇದ್ದ ಒಂದು ಫೋನ್ ಅಪ್ಪನ ಜೊತೆ ಡ್ಯೂಟಿಗೆ ಹೋಗಿರುತ್ತದೆ. ಅಂಥವರಿಗೆ ಶಾಲೆಯ ಟ್ಯಾಬ್ಲೆಟ್‌ನಲ್ಲಿ, ಊಟದ ಬಿಡುವಿನಲ್ಲಿ ಹಾಡಿಸುತ್ತೇನೆ, ಮತ್ತು ಯಾರು ಎಲ್ಲಿ ಹಾಡಿದರು ಎಂಬುದನ್ನು ತರಗತಿಯ ಮುಂದೆ ಎತ್ತುವುದಿಲ್ಲ. ಎರಡನೆಯದು, ಮಗುವಿನ ಧ್ವನಿ ಮಗುವಿನದು. ಅದನ್ನು ಸ್ಟೇಟಸ್‌ಗೆ ಹಾಕುವುದು, ಯೂಟ್ಯೂಬಿಗೆ ಏರಿಸುವುದು, ಪೋಷಕರ ಗುಂಪಿನಲ್ಲಿ ಹಂಚಿ ಹೋಲಿಸುವುದು ಯಾವುದೂ ಕೂಡದು. ಕೇಳಿದ ಮೇಲೆ ಅಳಿಸಿಬಿಡುತ್ತೇನೆ.

‘ಗುರುಮುಖೇನ ಬರಬೇಕಾದ ವಿದ್ಯೆಗೆ ಇದೆಲ್ಲ ಯಾಕೆ’ ಎಂದು ಹಿರಿಯರು ಕೇಳುತ್ತಾರೆ. ಎರಡನೇ ಸಾಲಿನಲ್ಲಿ ಈಗಲೂ ಕೆಲವರ ಮುಖದಲ್ಲಿ ಆ ಪ್ರಶ್ನೆ ಇದೆ. ಗೌರವದಿಂದಲೇ ಉತ್ತರಿಸುತ್ತೇನೆ. ನಾವೆಲ್ಲ ಹೆಮ್ಮೆಯಿಂದ ತೋರಿಸುವ ಪಿಟೀಲು ವಿದ್ವಾಂಸ ಚೌಡಯ್ಯನವರ ಸ್ಮಾರಕ ಭವನ ಪಿಟೀಲಿನ ಆಕಾರದಲ್ಲಿದೆ. ಪಿಟೀಲು ಪಶ್ಚಿಮದಿಂದ ಬಂದ ವಾದ್ಯ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರ ಕಾಲದಲ್ಲಿ ನಮ್ಮ ಸಂಗೀತಕ್ಕೆ ಒಗ್ಗಿಕೊಂಡಿತು. ಮೈಕುಗಳಿಲ್ಲದ ದೊಡ್ಡ ಸಭೆಗಳಲ್ಲಿ ಕೊನೆಯ ಸಾಲಿಗೂ ನಾದ ಮುಟ್ಟಬೇಕೆಂದು ಚೌಡಯ್ಯನವರು ಅದರ ನಾಲ್ಕು ತಂತಿಗಳನ್ನು ಏಳು ಮಾಡಿದರು. ಅಂದರೆ ಆ ಭವನ ಒಬ್ಬ ಮಹಾ ಕಲಾವಿದನಿಗೆ ಮಾತ್ರವಲ್ಲ, ಒಂದು ತಾಂತ್ರಿಕ ಸುಧಾರಣೆಗೂ ಕಟ್ಟಿದ ಸ್ಮಾರಕ. ಇನ್ನು ನಮ್ಮ ಮನೆಗಳ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ, ತಂಬೂರಿಗಳು ಯಾವುದೋ ದೂರದೇಶದಿಂದ ಬಂದವಲ್ಲ. ಬೆಂಗಳೂರಿನ ಎಂಜಿನಿಯರ್, ಕೊಳಲು ವಾದಕ ಜಿ. ರಾಜ್ ನಾರಾಯಣ್ 1970ರ ದಶಕದ ಕೊನೆಯಲ್ಲಿ ಈ ಕೆಲಸಕ್ಕೆ ಕೈ ಹಾಕಿದವರು. ಬಳೇಪೇಟೆಯ ಅಂಗಡಿಯಲ್ಲಿ ತಂಬೂರಿ ಕೊಳ್ಳಲು ಹಣವಿಲ್ಲದ, ಕೊಂಡರೂ ಬಿಎಂಟಿಸಿ ಬಸ್ಸಿನಲ್ಲಿ ಹೊತ್ತೊಯ್ಯಲಾಗದ ಎಷ್ಟು ವಿದ್ಯಾರ್ಥಿಗಳು ಆ ಪೆಟ್ಟಿಗೆಯಿಂದ ಶ್ರುತಿ ಕಂಡುಕೊಂಡಿಲ್ಲ?

ಹಾಗೆಂದು ಹಿರಿಯರ ಅನುಮಾನ ಬರಿಯ ಹಟವಲ್ಲ. 1940ರಲ್ಲಿ ಆಲ್ ಇಂಡಿಯಾ ರೇಡಿಯೊ ಹಾರ್ಮೋನಿಯಮ್ಮನ್ನು ಹೊರಗಿಟ್ಟಾಗ ಮುಂದಿಟ್ಟ ಆಕ್ಷೇಪ, ಅದರ ಸ್ವರಗಳು ಕದಲುವುದಿಲ್ಲ, ಸ್ವರವನ್ನು ಓಲಾಡಿಸುವ ಗಮಕ ಬರುವುದಿಲ್ಲ ಎಂಬುದು. ನಿಷೇಧ 1971ರವರೆಗೆ ನಡೆದದ್ದು ಅತಿಯಾಯಿತು. ಆದರೆ ಆಕ್ಷೇಪದ ತಿರುಳು ಇಂದಿನ ಆ್ಯಪ್‌ಗಳಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಮಗು ಹಾಡಿದ ಕೂಡಲೇ ಸ್ವರ ಸರಿಯೋ ತಪ್ಪೋ ಎಂದು ಮುಳ್ಳು ತೋರಿಸುವ ಆ್ಯಪ್‌ಗಳಿವೆಯಲ್ಲ, ಅವುಗಳ ಕಥೆ ಕೇಳಿ. ನಾವು ಮೊದಲು ಕಲಿಸುವುದು ಮಾಯಾಮಾಳವಗೌಳ ರಾಗ, ಅದರಲ್ಲಿ ಬರುವ ‘ಗ’ ಅಂತರ ಗಾಂಧಾರ. ಐದೂವರೆ ಶ್ರುತಿಯಲ್ಲಿ, ಎಂದರೆ ಹುಡುಗಿಯರಿಗೆ ಒಗ್ಗುವ ಎತ್ತರದಲ್ಲಿ, ಹಾಡುವವಳ ಷಡ್ಜ ಸೆಕೆಂಡಿಗೆ ಸುಮಾರು 207.6 ಕಂಪನ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯಲ್ಲಿ ತಾನಾಗಿ ಕೇಳಿಬರುವ ಗಾಂಧಾರ ಷಡ್ಜಕ್ಕೆ ನಾಲ್ಕಕ್ಕೆ ಐದರ ಪ್ರಮಾಣದಲ್ಲಿರುತ್ತದೆ, ಎಂದರೆ ಸುಮಾರು 259.6. ಕೀಬೋರ್ಡಿನ ಗಾಂಧಾರ 261.6. ಎರಡು ಕಂಪನಗಳ ಈ ವ್ಯತ್ಯಾಸ ಕೇಳುವ ಕಿವಿಗೆ ಸಣ್ಣದಲ್ಲ. ಬಹುತೇಕ ಆ್ಯಪ್‌ಗಳು ಕೀಬೋರ್ಡಿನ ಲೆಕ್ಕವನ್ನೇ ಇಟ್ಟುಕೊಂಡಿರುತ್ತವೆ. ತಂಬೂರಿಗೆ ಕಿವಿಗೊಟ್ಟು ಗಾಂಧಾರವನ್ನು ಸರಿಯಾಗಿ ಹಿಡಿದ ಮಗುವಿಗೆ ಮುಳ್ಳು ‘ಕಡಿಮೆಯಾಯಿತು’ ಎನ್ನುತ್ತದೆ. ಮಗು ತಂಬೂರಿಯನ್ನು ಬಿಟ್ಟು ಮುಳ್ಳನ್ನು ನಂಬುತ್ತದೆ. ಪರದೆಯಲ್ಲಿ ಹಸಿರು ಬಂದರೆ ನೂರಕ್ಕೆ ನೂರು ಅಂಕ, ಸಂಗೀತ ಮಾತ್ರ ಶ್ರುತಿಯಿಂದ ಒಂದೆಳೆ ಆಚೆ. ಇಂಥ ಆ್ಯಪ್‌ಗೆ ನನ್ನ ತರಗತಿಯಲ್ಲಿ ಜಾಗವಿಲ್ಲ.

ಅಂಕ ಕೊಡದೆ ತೋರಿಸುವ ಸಾಧನಗಳ ಮಾತು ಬೇರೆ. ‘ಪ್ರಾಟ್’ ಎಂಬ ಉಚಿತ ತಂತ್ರಾಂಶವಿದೆ, ಆಮ್‌ಸ್ಟರ್‌ಡ್ಯಾಮ್‌ನ ಧ್ವನಿವಿಜ್ಞಾನಿಗಳು ಮಾತಿನ ಅಧ್ಯಯನಕ್ಕಾಗಿ ಮಾಡಿದ್ದು. ಧ್ವನಿಯ ಏರಿಳಿತವನ್ನು ಗೆರೆಯಾಗಿ ಬಿಡಿಸುತ್ತದೆ. ತೋಡಿ ರಾಗದ ಗಾಂಧಾರವನ್ನು ಹಾಡಿ ಅದರಲ್ಲಿ ಹಾಕಿದೆ. ಹಲಗೆಯ ಮೇಲೆ ಬರೆದರೆ ‘ಗ’ ಎಂಬ ಒಂದಕ್ಷರ. ಪರದೆಯ ಮೇಲೆ ಅದು ರಿಷಭದತ್ತ ಇಳಿದು ಮಧ್ಯಮದತ್ತ ಏರಿ ಓಲಾಡುವ ಗೆರೆ, ಎಲ್ಲಿಯೂ ನಿಂತ ಚುಕ್ಕೆ ಇಲ್ಲ. ಗಣಿತದಲ್ಲಿ ಜಾಣನಾದ ಹುಡುಗನೊಬ್ಬ ಕೇಳಿದ: “ಹಾಗಾದರೆ ಗಾಂಧಾರ ಎಲ್ಲಿದೆ ಮಿಸ್?” ಗಮಕದ ಬಗ್ಗೆ ನನ್ನ ವಿದ್ವತ್ ಪರೀಕ್ಷೆಯಲ್ಲೂ ಯಾರೂ ಅಷ್ಟು ಒಳ್ಳೆಯ ಪ್ರಶ್ನೆ ಕೇಳಿರಲಿಲ್ಲ. ಆ ದಿನದ ಪಾಠ ಪೂರ್ತಿ ಆ ಪ್ರಶ್ನೆಯ ಮೇಲೆಯೇ ಹೋಯಿತು. ಕೊನೆಗೆ ಪರದೆ ಆರಿಸಿ, ಕಣ್ಣು ಮುಚ್ಚಿ, ಹಾಡಿ ನೋಡಿದೆವು. ನೋಡಿದ ಮೇಲೆ ಆರಿಸಬೇಕು. ಇಲ್ಲದಿದ್ದರೆ ಮಕ್ಕಳು ಗೆರೆಗೆ ಹಾಡಲು ಶುರು ಮಾಡುತ್ತಾರೆ.

ಬೆಳಗಿನ ಪ್ರಾರ್ಥನೆಯ ಬಗ್ಗೆ ಒಂದೆರಡು ಮಾತು. 2022ರಲ್ಲಿ ಸರ್ಕಾರ ನಾಡಗೀತೆಗೆ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೂ 2 ನಿಮಿಷ 30 ಸೆಕೆಂಡಿನ ಅವಧಿಯನ್ನೂ ಗೊತ್ತುಮಾಡಿದ ಮೇಲೆ ಎಲ್ಲ ಶಾಲೆಗಳಲ್ಲೂ ಗಡಿಯಾರ ನೋಡುವವರು ಹೆಚ್ಚಾಗಿದ್ದಾರೆ. ಮೈದಾನದ ಹಿಂದಿನ ಸಾಲಿನವರು ಎಳೆಯುತ್ತಾರೆ ಎಂದು ಅವರನ್ನು ಗದರುವುದು ವಾಡಿಕೆ. ಅದು ಮಕ್ಕಳ ಸೋಮಾರಿತನವಲ್ಲ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. 34 ಮೀಟರ್ ಹಿಂದೆ ನಿಂತ ಮಗುವಿಗೆ ಸ್ಪೀಕರಿನ ಧ್ವನಿ ಸೆಕೆಂಡಿನ ಹತ್ತನೇ ಒಂದು ಪಾಲು ತಡವಾಗಿ ಮುಟ್ಟುತ್ತದೆ, ಅದರ ಹಾಡು ಮುಂದಿರುವ ನಮಗೆ ಬರಲು ಮತ್ತೆ ಅಷ್ಟೇ ಹೊತ್ತು. ವಾಲ್ಯೂಮ್ ಹೆಚ್ಚಿಸಿದರೆ ಇದು ಸರಿಹೋಗುವುದಿಲ್ಲ. ಎತ್ತರದ ಜಾಗದಲ್ಲಿ ಒಬ್ಬರು ನಿಂತು ಎಲ್ಲರಿಗೂ ಕಾಣುವಂತೆ ತಾಳ ಹಾಕಿದರೆ ಸಾಕು, ಕಣ್ಣಿಗೆ ತಡವಿಲ್ಲ.

ಶಾಲಾ ವಾರ್ಷಿಕೋತ್ಸವಕ್ಕೆ ಪೆನ್‌ಡ್ರೈವ್‌ನಲ್ಲಿ ಹಾಡು ಹಾಕಿ ಮಕ್ಕಳನ್ನು ತುಟಿ ಆಡಿಸಲು ನಿಲ್ಲಿಸುವ ಪದ್ಧತಿಯ ಬಗ್ಗೆ ನಾನು ಏನೂ ಹೇಳುವುದಿಲ್ಲ. ಹೇಳಿದರೆ ಊಟ ತಡವಾಗುತ್ತದೆ.

ಇನ್ನು ಖರ್ಚಿನ ಮಾತು. ನಿಮ್ಮ ಆಡಳಿತ ಮಂಡಳಿ ಸಂಗೀತ ಕೋಣೆಗೆ ಸ್ಮಾರ್ಟ್ ಬೋರ್ಡ್ ಕೊಡಿಸುತ್ತೇವೆ ಎಂದರೆ, ಮೊದಲು ಜಮಖಾನೆ ಮತ್ತು ದಪ್ಪ ಪರದೆಗಳನ್ನು ಕೇಳಿ. ಸಿಮೆಂಟಿನ ಗೋಡೆ, ಗ್ರಾನೈಟ್ ನೆಲ, ಗಾಜಿನ ಕಿಟಕಿಯ ಕೋಣೆಯಲ್ಲಿ ನಲವತ್ತು ಮಕ್ಕಳು ಹಾಡಿದರೆ ಪ್ರತಿಧ್ವನಿಯಲ್ಲಿ ಯಾರ ಸ್ವರವೂ ಯಾರಿಗೂ ಕೇಳುವುದಿಲ್ಲ, ಮುದ್ರಿಸಿದರೆ ಇನ್ನೂ ಕಲಸುಮೇಲೋಗರ. ಆಮೇಲೆ ಒಂದು ಒಳ್ಳೆಯ ಸ್ಪೀಕರ್, ಫೋನಿನಲ್ಲಿ ಉಚಿತ ತಂಬೂರಿ ಆ್ಯಪ್, ಮುದ್ರಣವನ್ನು ಕತ್ತರಿಸಲು, ಶ್ರುತಿ ಕೆಡದಂತೆ ನಿಧಾನ ಮಾಡಲು ಕಂಪ್ಯೂಟರಿನಲ್ಲಿ ಆಡಾಸಿಟಿ. ಅದೂ ಉಚಿತ. ಸ್ಪೀಕರಿಗೆ ಮಾತ್ರ ಜಿಪುಣತನ ಬೇಡ. ಅಗ್ಗದ ಬ್ಲೂಟೂತ್ ಪೆಟ್ಟಿಗೆಗಳಲ್ಲಿ ತಂಬೂರಿಯ ಮಂದ್ರ ಷಡ್ಜವೇ, ಆ ತಗ್ಗಿನ ‘ಸ’ವೇ, ಸರಿಯಾಗಿ ಕೇಳುವುದಿಲ್ಲ.

ತಂಬೂರಿ ಆ್ಯಪ್‌ನ ಇನ್ನೊಂದು ಉಪಯೋಗ ಎಂಟನೇ ತರಗತಿಯಲ್ಲಿ ಗೊತ್ತಾಗುತ್ತದೆ. ಗಂಡುಮಕ್ಕಳ ಧ್ವನಿ ಒಡೆಯುವ ವಯಸ್ಸು ಅದು. ನಿನ್ನೆಯವರೆಗೆ ಹುಡುಗಿಯರ ಜೊತೆ ಐದೂವರೆಯಲ್ಲಿ ಹಾಡಿದವನಿಗೆ ಇಂದು ಮಧ್ಯಮದ ಮೇಲೆ ಧ್ವನಿ ಸೀಳುತ್ತದೆ, ತರಗತಿ ನಗುತ್ತದೆ, ಅವನು ಅಂದಿನಿಂದ ಬಾಯಿ ಮುಚ್ಚುತ್ತಾನೆ. ನಾನು ಕಂಡಂತೆ ಹುಡುಗರು ಸಂಗೀತ ಬಿಡುವುದು ಬಹುಮಟ್ಟಿಗೆ ಇಲ್ಲಿಯೇ. ನಿಜವಾದ ತಂಬೂರಿಯನ್ನು ಪೀರಿಯಡ್ಡಿನ ನಡುವೆ ಬೇರೆ ಶ್ರುತಿಗೆ ಇಳಿಸುವುದು ಆಗದ ಕೆಲಸ. ಫೋನಿನಲ್ಲಿ ಬೆರಳಾಡಿಸಿದರೆ ಒಂದು ಶ್ರುತಿಗೋ ಎರಡಕ್ಕೋ ಇಳಿಯುತ್ತದೆ. ಅವರಿಗೆ ಬೇರೆ ಸರದಿ, ಷಡ್ಜದಿಂದ ಪಂಚಮದವರೆಗಷ್ಟೇ ಓಡಾಡುವ ಸಾಲುಗಳು. ಕೆಲವು ತಿಂಗಳು ಅಷ್ಟು ಸಾಕು, ಧ್ವನಿ ಕುದುರುವವರೆಗೆ ಅವರನ್ನು ಹಾಡಿನೊಳಗೆ ಉಳಿಸಿಕೊಂಡರೆ ಆಯಿತು.

ನನ್ನ ಈಗಿನ ಕೆಲಸಕ್ಕೆ ತೊಡಕಾಗಿರುವುದೂ ಈ ಹುಡುಗರೇ. ಸಂಗೀತ ಶಿಕ್ಷಕರೇ ಇಲ್ಲದ ಶಾಲೆಗಳಿಗಾಗಿ ಸಣ್ಣ ಸಣ್ಣ ಪಾಠಗಳನ್ನು ಮುದ್ರಿಸುತ್ತಿದ್ದೇನೆ. ಸರಳೆ, ಜಂಟಿ, ಅಲಂಕಾರ, ಆಮೇಲಿನ ಪುಟ್ಟ ಪಿಳ್ಳಾರಿ ಗೀತೆಗಳು. ಒಂದು ಸಾಲು ನಾನು ಹಾಡುವುದು, ಅಷ್ಟೇ ಹೊತ್ತು ಬರಿಯ ತಂಬೂರಿ ಮತ್ತು ತಾಳ, ಮಕ್ಕಳು ಆ ಜಾಗದಲ್ಲಿ ಹಾಡಬೇಕು. ಸಂಗೀತ ಬಾರದ ತರಗತಿ ಶಿಕ್ಷಕರೂ ಗುಂಡಿ ಒತ್ತಿ ಮಕ್ಕಳ ಜೊತೆಗೆ ಕುಳಿತು ಕಲಿಯಬಹುದು. ಹುಡುಗಿಯರಿಗೂ ಚಿಕ್ಕವರಿಗೂ ನನ್ನ ಧ್ವನಿ ನಡೆಯುತ್ತದೆ. ಎಂಟು, ಒಂಬತ್ತನೇ ತರಗತಿಯ ಹುಡುಗರಿಗೆ ನನ್ನ ಶ್ರುತಿಯಲ್ಲಿ ಹಾಡಿಕೊಟ್ಟರೆ ಉಪಯೋಗವಿಲ್ಲ, ಅದನ್ನು ಕಂಪ್ಯೂಟರಿನಲ್ಲಿ ಕೆಳಗಿಳಿಸಿದರೆ ಕೇಳುವಂತಿರುವುದಿಲ್ಲ. ಅವರಿಗೆ ಗಂಡಸಿನ ಕಂಠವೇ ಬೇಕು, ಒಂದು ಅಥವಾ ಎರಡು ಶ್ರುತಿಯಲ್ಲಿ ನಿಧಾನವಾಗಿ, ಬೆಡಗಿಲ್ಲದೆ ಹಾಡುವಂಥದ್ದು. ಇಲ್ಲಿರುವ ವಿದ್ವಾಂಸರಲ್ಲಿ ಯಾರಿಗೆ ಮನಸ್ಸಿದೆಯೋ ಊಟವಾದ ಮೇಲೆ ಪಕ್ಕದ ಕೋಣೆಗೆ ಬನ್ನಿ. ಮೈಕ್ ತಂದಿದ್ದೇನೆ, ಜಮಖಾನೆಯೂ ಹಾಸಿದೆ. ಮಾಯಾಮಾಳವಗೌಳದಿಂದ ಶುರು ಮಾಡೋಣ.